ಮಳೆಯಲ್ಲಿ ನಿಂತು ಓದುವವರಿಗಾಗಿ: ಕೊಡಗಿನ ಕಾಡು, ಉದ್ಯಾನ, ಚಾರಣದ ಹಾದಿಗಳಿಗೆ ಫಲಕ, ನಕ್ಷೆ, ಕರಪತ್ರ ವಿನ್ಯಾಸ ಮಾಡುವ ಕ್ರಮ

ಕೊಡಗಿನಲ್ಲಿ ಗ್ರಾಫಿಕ್ ವಿನ್ಯಾಸದ ಕೆಲಸ ಮಾಡುವವರ ಬಳಿಗೆ ಬರುವ ಕೋರಿಕೆ ಸಾಮಾನ್ಯವಾಗಿ ಒಂದೇ ಸಾಲಿನದು: "ಒಂದು ಬೋರ್ಡ್ ಮಾಡಿಕೊಡಬೇಕು." ಕೇಳುವವರು ಅರಣ್ಯ ಇಲಾಖೆಯ ವಲಯ ಕಚೇರಿಯವರಿರಬಹುದು, ತಮ್ಮ ಊರಿನ ಜಲಪಾತಕ್ಕೆ ಬರುವ ಜನರನ್ನು ಹೇಗೋ ಸಂಭಾಳಿಸುತ್ತಿರುವ ಗ್ರಾಮ ಪಂಚಾಯಿತಿಯವರಿರಬಹುದು, ದೇವರಕಾಡಿನ ಸಮಿತಿಯವರೋ ವನ್ಯಜೀವಿ ಸಂಸ್ಥೆಯವರೋ ಆಗಿರಬಹುದು, ಇಲ್ಲವೇ ಕಾಫಿ ತೋಟದೊಳಗೆ ಪಕ್ಷಿವೀಕ್ಷಣೆಗೆಂದು ಹಾದಿ ಮಾಡಿಕೊಂಡಿರುವ ಹೋಂಸ್ಟೇ ಮಾಲೀಕರಿರಬಹುದು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಎಂಬ ಮೂರು ವನ್ಯಜೀವಿ ಧಾಮಗಳು, ಮೈಸೂರು ಜಿಲ್ಲೆಯೊಂದಿಗೆ ಹಂಚಿಕೊಂಡ ನಾಗರಹೊಳೆ, ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಮತ್ತು ವಾರಾಂತ್ಯವಾಯಿತೆಂದರೆ ಘಟ್ಟ ಹತ್ತುವ ವಾಹನಗಳ ಸಾಲು, ಇವೆಲ್ಲ ಒಂದೇ ಜಿಲ್ಲೆಯಲ್ಲಿ ಇರುವುದರಿಂದ ಈ ಬಗೆಯ ಕೆಲಸಕ್ಕೆ ಇಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಆ ಕೆಲಸವನ್ನು ಅಂಗಡಿಯ ನಾಮಫಲಕದ ಕೆಲಸಕ್ಕಿಂತ ಬೇರೆಯಾಗಿ ನೋಡುವ ಅಭ್ಯಾಸಕ್ಕೆ.

ಕಾಡಿನ ಫಲಕವನ್ನು ಓದುವವರು ಒಂದು ಕೈಯಲ್ಲಿ ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತೀತೆಂಬ ಭಯದಲ್ಲಿ, ಮುಂದೆ ಓಡುತ್ತಿರುವ ಮಗುವಿನ ಮೇಲೆ ಕಣ್ಣಿಟ್ಟು ನಿಂತಿರುತ್ತಾರೆ. ವಿನ್ಯಾಸಕರು ಅದನ್ನು ಮಾಡುವುದು ಒಣಗಿದ ಕೋಣೆಯಲ್ಲಿ, ಬೆಳಗುವ ಪರದೆಯ ಮುಂದೆ, ಕುಳಿತುಕೊಂಡು. ಈ ಎರಡರ ನಡುವಿನ ಅಂತರವನ್ನು ಮೊದಲಿನಿಂದ ಕೊನೆಯವರೆಗೆ ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಳೆಯುತ್ತವೆ. ವಿವರಣೆ ಸುಲಭವಾಗಲೆಂದು, ರಸ್ತೆಯಿಂದ ಅರ್ಧ ಗಂಟೆ ನಡೆದು ತಲುಪುವ ಒಂದು ಜಲಪಾತದ ಹಾದಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲ ಹೆಜ್ಜೆ: ಯಾರ ಜಾಗ, ಯಾವ ಉದ್ದೇಶ ಎಂಬುದನ್ನು ಬರೆದುಕೊಳ್ಳುವುದು

ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ, "ಈ ಫಲಕ ಓದಿದ ಮೇಲೆ ಬಂದವರು ಏನು ಮಾಡಬೇಕು, ಅಥವಾ ಏನನ್ನು ಮಾಡದೆ ಬಿಡಬೇಕು?" ಎಂಬುದು. "ಜಾಗೃತಿ ಮೂಡಬೇಕು" ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಬಂಡೆಯ ಮೇಲೆ ಹತ್ತಬಾರದು, ಪ್ಲಾಸ್ಟಿಕ್ ಬಾಟಲಿಯನ್ನು ಗೇಟಿನಲ್ಲೇ ಬಿಟ್ಟು ಹೋಗಬೇಕು, ಸಂಜೆ 4 ಗಂಟೆಗೆ ಹಿಂದಿರುಗಬೇಕು, ದೇವರಕಾಡಿನೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬಂಥ, ಕಣ್ಣಿಗೆ ಕಾಣುವ ನಡವಳಿಕೆಯೊಂದನ್ನು ಅವರ ಬಾಯಿಂದ ಹೇಳಿಸಿ ಅದನ್ನು ಒಂದು ವಾಕ್ಯವಾಗಿ ಬರೆದು ಅವರ ಸಹಿ ಪಡೆಯಿರಿ. ಮುಂದೆ ಯಾರೋ ಬಂದು ಫಲಕದ ಮೂಲೆಯಲ್ಲಿ ಇನ್ನೊಂದು ಭಾವಚಿತ್ರ, ಇನ್ನೊಂದು ಸಂದೇಶ ಸೇರಿಸಿ ಎಂದಾಗ ನಿಮ್ಮನ್ನು ಕಾಯುವುದು ಈ ಒಂದು ವಾಕ್ಯವೇ.

ಎರಡನೆಯ ಪ್ರಶ್ನೆ ಜಾಗದ್ದು. ನಮ್ಮ ಉದಾಹರಣೆಯ ಹಾದಿ ಖಾಸಗಿ ತೋಟದಲ್ಲಿ ಹೊರಟು, ಪಂಚಾಯಿತಿ ರಸ್ತೆ ದಾಟಿ, ಮೀಸಲು ಅರಣ್ಯದಲ್ಲಿ ಮುಗಿಯುವುದು ಕೊಡಗಿನಲ್ಲಿ ತೀರ ಸಾಮಾನ್ಯ. ಪ್ರತಿ ಕಂಬವೂ ಯಾರ ಜಾಗದಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲೇ ಗುರುತಿಸಿ, ಆಯಾ ಕಡೆಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ವನ್ಯಜೀವಿ ಧಾಮ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೆ ಛಾಯಾಚಿತ್ರ ತೆಗೆಯುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯ ವ್ಯವಸ್ಥೆ ಇದೆ. ಆದ್ದರಿಂದ ಚಿತ್ರ ತೆಗೆಯುವ ದಿನಗಳನ್ನೂ ಅದೇ ಪತ್ರದಲ್ಲಿ ಸೇರಿಸಿ ಕೇಳಿಕೊಳ್ಳುವುದು ಒಳ್ಳೆಯದು. ದೇವರಕಾಡಾದರೆ ಕಾಗದದ ಮೇಲೆ ಅರಣ್ಯ ಇಲಾಖೆಯ ಒಪ್ಪಿಗೆ ಇದ್ದರೂ ಊರಿನ ತಕ್ಕಮುಖ್ಯಸ್ಥರನ್ನೂ ದೇವಸ್ಥಾನದ ಸಮಿತಿಯನ್ನೂ ಕೇಳದೆ ಕಂಬ ನೆಡಬಾರದು. ಎಲ್ಲಿಯವರೆಗೆ ಹೊರಗಿನವರು ಬರಬಹುದು, ಯಾವ ಕಲ್ಲು ಯಾವ ದೈವದ್ದು, ಯಾವುದರ ಚಿತ್ರ ಹಾಕಬಾರದು ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಸರ್ಕಾರದ ಲಾಂಛನಗಳ ವಿಷಯದಲ್ಲೂ ಎಚ್ಚರ ಬೇಕು. ರಾಷ್ಟ್ರ ಲಾಂಛನದ ಬಳಕೆಯನ್ನು 2005ರ ಕಾಯ್ದೆ ನಿಯಂತ್ರಿಸುತ್ತದೆ. ಇಲಾಖೆಯ ಚಿಹ್ನೆಯನ್ನು ಅಂತರ್ಜಾಲದಲ್ಲಿ ಸಿಕ್ಕ ಮಸುಕಾದ ಚಿತ್ರದಿಂದ ಎತ್ತಿಕೊಳ್ಳದೆ ಇಲಾಖೆಯಿಂದಲೇ ಕೇಳಿ ಪಡೆಯಬೇಕು. ಖಾಸಗಿ ಹೋಂಸ್ಟೇಯ ಫಲಕದಲ್ಲಿ ಅದು ಇರಲೇಬಾರದು.

ಎರಡನೆಯ ಹೆಜ್ಜೆ: ಹಾದಿಯನ್ನು ಎರಡು ಸಲ ನಡೆಯುವುದು

ಒಮ್ಮೆ ಒಣ ಹವೆಯಲ್ಲಿ, ಇನ್ನೊಮ್ಮೆ ಮಳೆಯಲ್ಲಿ ಅಥವಾ ಕನಿಷ್ಠ ದಟ್ಟ ಮಂಜಿನಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಕುಶಾಲನಗರದ ಕಡೆ ಅದರ ಅರ್ಧಕ್ಕಿಂತಲೂ ಕಡಿಮೆ. ಹೀಗಾಗಿ ಒಂದು ಕಡೆ ಸರಿಹೋದ ವಿನ್ಯಾಸ ಇನ್ನೊಂದು ಕಡೆ ಸರಿಹೋಗುತ್ತದೆಂದು ತಿಳಿಯುವಂತಿಲ್ಲ. ನಡೆಯುವಾಗ ಜನರು ತಾವಾಗಿಯೇ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ: ಉಸಿರು ಕಟ್ಟುವ ಏರಿನ ತುದಿ, ತೋಡು ದಾಟುವ ಜಾಗ, ಮೊದಲ ಸಲ ನೀರಿನ ಸದ್ದು ಕೇಳುವ ತಿರುವು. ಹಾಗೆ ನಿಲ್ಲುವ ಕಡೆಯಲ್ಲಿ ಫಲಕ ಓದಿಸಿಕೊಳ್ಳುತ್ತದೆ. ಇಳಿಜಾರಿನ ನಡುವೆ ನಿಲ್ಲಿಸಿದ ಫಲಕ ಎಷ್ಟು ಚೆನ್ನಾಗಿದ್ದರೂ ಯಾರೂ ಓದುವುದಿಲ್ಲ, ನಿಂತು ಓದಿದವರು ಹಿಂದಿನವರಿಗೆ ಅಡ್ಡಿಯಾಗುತ್ತಾರೆ.

ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು. ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಕ್ಯೂಆರ್ ಕೋಡ್ ಹಾಕುವುದೆಂದರೆ ಬಾಗಿಲಿಲ್ಲದ ಗೋಡೆಗೆ ಬೀಗ ಜಡಿದಂತೆ. ಹಾಗೆಯೇ ಮಾಹಿತಿ ಯಾವ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಯೋಚಿಸಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನಜಂಗುಳಿ ಸೇರಿದ ಬಳಿಕ ಅರಣ್ಯ ಇಲಾಖೆಯು ಚಾರಣಗಳಿಗೆ ತಡೆ ಹಾಕಿ, ಅದೇ ವರ್ಷ ಆನ್‌ಲೈನ್ ಮುಂಗಡ ಟಿಕೆಟ್ ವ್ಯವಸ್ಥೆಯನ್ನು ತಂದಿತು. ಟಿಕೆಟ್ ಬೇಕೆಂಬ ಸೂಚನೆಯನ್ನು ಚಾರಣದ ಬುಡದಲ್ಲಿ ಹಾಕಿದರೆ, ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣಿಸಿ ಬಂದವರಿಗೂ ಗೇಟಿನ ಸಿಬ್ಬಂದಿಗೂ ಜಗಳವಾಗುವುದಷ್ಟೇ ಲಾಭ. ಅದು ಇರಬೇಕಾದುದು ಮುಖ್ಯ ರಸ್ತೆಯ ತಿರುವಿನಲ್ಲಿ, ವಾಸ್ತವ್ಯದ ಕೋಣೆಯ ಗೋಡೆಯ ಮೇಲೆ ಮತ್ತು ಬುಕಿಂಗ್ ಖಚಿತಪಡಿಸುವ ವಾಟ್ಸಾಪ್ ಸಂದೇಶದಲ್ಲಿ.

ಈ ನಡಿಗೆಯಲ್ಲಿ ಈಗಾಗಲೇ ಇರುವ ಫಲಕಗಳನ್ನು ಎಣಿಸುವುದನ್ನು ಮರೆಯಬೇಡಿ. ಒಂದೇ ಗೇಟಿನಲ್ಲಿ ಏಳೆಂಟು ಫಲಕಗಳು, ಅವುಗಳಲ್ಲಿ ಮೂರು ಪರಸ್ಪರ ವಿರುದ್ಧ ಸಮಯ ಹೇಳುವುದನ್ನು ನಾನೇ ನೋಡಿದ್ದೇನೆ. ಹಳೆಯವುಗಳಲ್ಲಿ ಯಾವುದನ್ನು ತೆಗೆಯಬೇಕು ಎಂಬ ಪಟ್ಟಿಯೇ ನಿಮ್ಮ ಮೊದಲ ವಿನ್ಯಾಸ ಪ್ರಸ್ತಾವವಾಗಬೇಕು. ಅದಕ್ಕೆ ಹಣ ಕೊಡುವವರು ಕಡಿಮೆ, ಆದರೂ ಮಾಡಬೇಕು.

ಮೂರನೆಯ ಹೆಜ್ಜೆ: ಮಾತನ್ನು ಇಳಿಸುವುದು

ವಿವರಣಾ ಫಲಕಗಳ ಕೆಲಸದಲ್ಲಿ 3-30-3 ಎಂಬ ಹಳೆಯ ಅಳತೆಯೊಂದಿದೆ. 3 ಸೆಕೆಂಡು ನೋಡಿದವರಿಗೆ ತಲೆಬರಹ ಮತ್ತು ಚಿತ್ರದಿಂದಲೇ ವಿಷಯ ತಿಳಿಯಬೇಕು, 30 ಸೆಕೆಂಡು ನಿಂತವರಿಗೆ ಮುಖ್ಯ ಸಂಗತಿ ಸಿಗಬೇಕು, 3 ನಿಮಿಷ ಕೊಡುವ ಆಸಕ್ತರಿಗೆ ಉಳಿದ ವಿವರ ಇರಬೇಕು. ಮಳೆನಾಡಿನಲ್ಲಿ ಆ ಕೊನೆಯ 3 ನಿಮಿಷದ ಓದುಗರನ್ನು ಛಾವಣಿಯಿರುವ ಜಾಗಕ್ಕೆ, ಅಂದರೆ ಟಿಕೆಟ್ ಕೌಂಟರ್ ಅಥವಾ ತಂಗುದಾಣದ ಗೋಡೆಗೆ ಬಿಟ್ಟು, ಬಯಲಿನ ಫಲಕಕ್ಕೆ ಮೊದಲ ಎರಡನ್ನು ಮಾತ್ರ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಬಯಲಿನ ಫಲಕದಲ್ಲಿ 50 ಕನ್ನಡ ಪದಗಳನ್ನು ದಾಟಿದೆನೆಂದರೆ ಕತ್ತರಿ ಹಿಡಿಯುತ್ತೇನೆ.

ಎಚ್ಚರಿಕೆಯ ಮಾತಿನಲ್ಲಿ ಕಾರಣ ಇರಬೇಕು. "ಈ ಸ್ಥಳದಲ್ಲಿ ನೀರಿಗಿಳಿಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ, ಉಲ್ಲಂಘಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು" ಎಂಬ ವಾಕ್ಯವನ್ನು ಎಲ್ಲರೂ ಎಷ್ಟೋ ಕಡೆ ಓದಿದ್ದಾರೆ, ಆದ್ದರಿಂದ ಯಾರೂ ಓದುವುದಿಲ್ಲ. ಅದರ ಬದಲು "ಬಂಡೆ ಜಾರುತ್ತದೆ. ಬೆಟ್ಟದ ಮೇಲೆ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದಾಗಲೂ ನೀರು ಒಮ್ಮೆಲೇ ಏರುತ್ತದೆ. ನೀರಿಗಿಳಿಯಬೇಡಿ" ಎಂದು ಬರೆದರೆ ಓದುವವರು ಒಮ್ಮೆ ತಲೆಯೆತ್ತಿ ಬೆಟ್ಟದ ಕಡೆ ನೋಡುತ್ತಾರೆ. ಕಾಯ್ದೆಯ ಕಲಂ ನಮೂದಿಸಲೇಬೇಕೆಂದು ಇಲಾಖೆ ಹೇಳಿದರೆ ಕೆಳಗೆ ಸಣ್ಣದಾಗಿ ಹಾಕಿ.

ಊರು, ಬೆಟ್ಟ, ಹೊಳೆಗಳ ಹೆಸರಿನ ಕಾಗುಣಿತಕ್ಕೆ ಒಂದು ಪಟ್ಟಿ ಮಾಡಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಅನುಸರಿಸಿ. ತಡಿಯಂಡಮೋಳ್, ತಡಿಯಂಡಮೋಳು ಎಂದು ಒಂದೇ ಹಾದಿಯಲ್ಲಿ ಎರಡು ಬಗೆ ಇರಬಾರದು. ಅದರ ಎತ್ತರವೂ ಒಂದು ಕಡೆ 1,745 ಮೀಟರ್, ಇನ್ನೊಂದು ಕಡೆ 1,748 ಮೀಟರ್ ಎಂದು ಮುದ್ರಣವಾಗಿರುತ್ತದೆ. ಯಾವ ಮೂಲವನ್ನು ನಂಬುತ್ತೀರಿ ಎಂಬುದನ್ನು ಗ್ರಾಹಕರೊಂದಿಗೆ ಮಾತಾಡಿ ಒಂದನ್ನು ಇಟ್ಟುಕೊಳ್ಳಿ. ಸ್ಥಳದ ಹೆಸರನ್ನು ಇಂಗ್ಲಿಷ್ ಬರಹದಿಂದ ಕನ್ನಡಕ್ಕೆ ತಿರುಗಿಸುವ ತಪ್ಪನ್ನಂತೂ ಮಾಡಲೇಬೇಡಿ, ಊರಿನ ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳಿ.

ಭಾಷೆಗಳ ಆಯ್ಕೆಯನ್ನು ಓದುವವರು ಯಾರೆಂದು ನೋಡಿ ಮಾಡಬೇಕು. ಪ್ರವಾಸಿಗರ ಫಲಕಕ್ಕೆ ಕನ್ನಡ ಮತ್ತು ಇಂಗ್ಲಿಷ್ ಸಾಕಾಗುತ್ತವೆ, ಕೇರಳದ ಗಡಿಯ ಕಡೆ ಮಲಯಾಳವೂ ಬೇಕಾಗಬಹುದು. ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ಹೆಸರು, ಸ್ವಾಗತದ ಮಾತು ಹಾಕುವುದಿದ್ದರೆ ಆ ಭಾಷೆಯವರಿಂದಲೇ ಬರೆಸಿ. ಎರಡಕ್ಕೂ ಸರ್ಕಾರದ ಅಕಾಡೆಮಿಗಳು ಮಡಿಕೇರಿಯಲ್ಲೇ ಇವೆ. ಆದರೆ ತೋಟದ ಅಂಚಿನಲ್ಲಿ ಕಾಡಾನೆಯ ಎಚ್ಚರಿಕೆ ಹಾಕುವಾಗ ಓದುಗರು ಬೇರೆ. ಬೆಳಿಗ್ಗೆ ಲೈನ್‌ಮನೆಯಿಂದ ಕೆಲಸಕ್ಕೆ ಹೊರಡುವವರಲ್ಲಿ ಯರವರು, ಕುರುಬರು ಇರುವಂತೆಯೇ ಅಸ್ಸಾಂ ಕಡೆಯಿಂದ ಬಂದವರೂ ಇರುತ್ತಾರೆ. ಅಲ್ಲಿ ಮೂರು ಲಿಪಿಗಳನ್ನು ತುರುಕುವುದಕ್ಕಿಂತ ದೂರದಿಂದಲೇ ಗುರುತು ಸಿಗುವ ಒಂದು ದೊಡ್ಡ ಚಿತ್ರ, ಸಮಯ ತೋರಿಸುವ ಗಡಿಯಾರದ ಗುರುತು, ಕರೆ ಮಾಡಬೇಕಾದ ಸಂಖ್ಯೆ ಹೆಚ್ಚು ಕೆಲಸ ಮಾಡುತ್ತವೆ.

ನಾಲ್ಕನೆಯ ಹೆಜ್ಜೆ: ಚಿತ್ರ ನಮ್ಮ ಕಾಡಿನದ್ದೇ ಎಂದು ಖಚಿತಪಡಿಸಿಕೊಳ್ಳುವುದು

ಉಚಿತ ಚಿತ್ರಗಳ ತಾಣದಿಂದ ತೆಗೆದ ಆಫ್ರಿಕಾದ ಆನೆ ಕೊಡಗಿನ ಫಲಕದ ಮೇಲೆ ನಿಂತಿರುವುದನ್ನು ಕಂಡರೆ ಆನೆ ನೋಡಿಕೊಳ್ಳುವ ಕಾವಾಡಿಯ ಮಗನೂ ನಗುತ್ತಾನೆ. ನಮ್ಮ ಆನೆಯ ಕಿವಿ ಚಿಕ್ಕದು, ತಲೆಯ ಮೇಲೆ ಎರಡು ಉಬ್ಬು, ಬೆನ್ನು ಕಮಾನಿನಂತೆ, ಹೆಣ್ಣಾನೆಗೆ ಹೊರಗೆ ಎದ್ದು ಕಾಣುವ ದಂತ ಇರುವುದಿಲ್ಲ. ಆಫ್ರಿಕಾದ್ದರ ಕಿವಿ ಭುಜ ಮುಚ್ಚುವಷ್ಟು ದೊಡ್ಡದು, ಬೆನ್ನು ನಡುವೆ ತಗ್ಗು. ಚಿರತೆಯ ಜಾಗದಲ್ಲಿ ಜಾಗ್ವಾರ್ ಬರುವುದು ಇನ್ನೊಂದು ಸಾಮಾನ್ಯ ತಪ್ಪು. ಜಾಗ್ವಾರಿನ ಉಂಗುರದಂಥ ಮಚ್ಚೆಗಳೊಳಗೆ ಚುಕ್ಕೆಗಳಿರುತ್ತವೆ, ಚಿರತೆಯಲ್ಲಿ ಅವು ಇರುವುದಿಲ್ಲ. ಕೆಂದಳಿಲು, ಮಂಗಟ್ಟೆ, ಸಿಂಗಳೀಕ, ನೀರುನಾಯಿಗಳ ವಿಷಯದಲ್ಲೂ ಬೇರೆ ದೇಶದ ಬಂಧುಗಳು ಸುಲಭವಾಗಿ ನುಸುಳುತ್ತವೆ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸುವವರು ಕಾಲಿನ ಬೆರಳು, ಕೊಕ್ಕಿನ ಆಕಾರ, ಎಲೆಯ ಜೋಡಣೆ ಇವನ್ನು ಎರಡೆರಡು ಸಲ ನೋಡಬೇಕು. ಕರಡನ್ನು ಆ ವಲಯದ ಅರಣ್ಯ ವೀಕ್ಷಕರಿಗೆ ಒಮ್ಮೆ ತೋರಿಸಿ. ಪದವಿ ಇಲ್ಲದಿದ್ದರೂ ಅವರ ಕಣ್ಣು ತಪ್ಪುವುದಿಲ್ಲ.

ಛಾಯಾಚಿತ್ರಕ್ಕಿಂತ ರೇಖಾಚಿತ್ರಕ್ಕೆ ನಾನು ಹೆಚ್ಚು ಒಲವು ತೋರುತ್ತೇನೆ. ಬಿಸಿಲಿಗೆ ಛಾಯಾಚಿತ್ರದ ಕೆಂಪು ಮತ್ತು ಹಳದಿ ಮೊದಲು ಮಾಸಿ ಹುಲಿ ನೀಲಿಯಾಗುತ್ತದೆ. ಎರಡೇ ಬಣ್ಣದ ರೇಖಾಚಿತ್ರ ಮಾಸಿದರೂ ಆಕಾರ ಉಳಿಯುತ್ತದೆ.

ಏನನ್ನು ತೋರಿಸಬಾರದು ಎಂಬುದೂ ಈ ಹೆಜ್ಜೆಯದೇ ವಿಷಯ. ಮಂಗಟ್ಟೆಯ ಗೂಡಿರುವ ಮರ, ಅಪರೂಪದ ಸೀತಾಳೆ ಹೂವಿನ ಜಾಗ, ಪ್ರಾಣಿಗಳು ನೀರಿಗೆ ಬರುವ ಕಟ್ಟೆ ಇವನ್ನು ನಕ್ಷೆಯಲ್ಲಿ ಗುರುತಿಸಬಾರದು. ಸಾಮಾಜಿಕ ಜಾಲತಾಣಕ್ಕೆ ಕೊಡುವ ಚಿತ್ರಗಳ ಒಳಗೆ ಅಡಗಿರುವ ಸ್ಥಳಮಾಹಿತಿಯನ್ನು ಅಳಿಸಿಯೇ ಕೊಡಬೇಕು. ಮರಿಯಾನೆಯ ಜೊತೆ ಸೆಲ್ಫಿ, ಕೋತಿಗೆ ಬಾಳೆಹಣ್ಣು ಕೊಡುವ ಮಗು, ಜಲಪಾತದ ಬಂಡೆಯ ತುದಿಯಲ್ಲಿ ಕೈಚಾಚಿ ನಿಂತ ಯುವತಿ, ಇಂಥ ಚಿತ್ರಗಳು ಕರಪತ್ರದಲ್ಲಿ ಎಷ್ಟೇ ಚೆಂದ ಕಂಡರೂ, ಫಲಕದಲ್ಲಿ ಬೇಡವೆಂದು ಹೇಳಿದ್ದನ್ನೇ ಅವು ಮಾಡಿ ತೋರಿಸುತ್ತವೆ.

ಐದನೆಯ ಹೆಜ್ಜೆ: ಕನ್ನಡ ಅಕ್ಷರಕ್ಕೆ ಅದರ ಜಾಗ ಕೊಡುವುದು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನಮ್ಮ ಕಡೆಯ ಹೆಚ್ಚಿನ ಫಲಕಗಳು ಸೋಲುವುದು ಇಲ್ಲೇ. ವಿನ್ಯಾಸವನ್ನು ಮೊದಲು ಇಂಗ್ಲಿಷಿನಲ್ಲಿ ಮಾಡಿ, ಆಮೇಲೆ ಉಳಿದ ಜಾಗಕ್ಕೆ ಕನ್ನಡವನ್ನು ಒತ್ತಿ ತುಂಬುವ ಕ್ರಮವನ್ನು ಬಿಡಬೇಕು. ಕನ್ನಡ ಅಕ್ಷರ ಅಗಲವಾದದ್ದು, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಕನ್ನಡದಲ್ಲಿ ವಿನ್ಯಾಸ ಮಾಡಿದ ಚೌಕಟ್ಟಿನೊಳಗೆ ಇಂಗ್ಲಿಷ್ ಸುಲಭವಾಗಿ ಕೂರುತ್ತದೆ, ತಿರುಗಿ ಮಾಡಿದರೆ ಕೂರುವುದಿಲ್ಲ. ಹೋಂಸ್ಟೇ, ರೆಸಾರ್ಟ್‌ನಂಥ ವಾಣಿಜ್ಯ ಸಂಸ್ಥೆಗಳ ನಾಮಫಲಕವಾದರೆ 2024ರ ತಿದ್ದುಪಡಿಯ ಪ್ರಕಾರ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆದ್ದರಿಂದ ಕನ್ನಡದಿಂದ ಆರಂಭಿಸುವುದು ಕಾನೂನಿನ ದೃಷ್ಟಿಯಿಂದಲೂ ಅನುಕೂಲ.

ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. "ಸಂರಕ್ಷಣೆ", "ಉಲ್ಲಂಘನೆ", "ರಾಷ್ಟ್ರೀಯ" ಎಂಬ ಮೂರು ಪದಗಳನ್ನು ಒಂದರ ಕೆಳಗೊಂದು ಹಾಕಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದೆಯೇ ನೋಡಿದರೆ ಸಾಕು, ಅಂತರ ಸರಿಯಿದೆಯೇ ಎಂಬುದು ತಿಳಿಯುತ್ತದೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸಬೇಡಿ, ಓರೆ ಮಾಡಬೇಡಿ, ಅಗಲವನ್ನು ಹಿಂಡಿ ಕಿರಿದಾಗಿಸಬೇಡಿ. ಇಕ್ಕಟ್ಟಾದ ಜಾಗಕ್ಕೆ ಅಕ್ಷರ ಬೇಕಿದ್ದರೆ ಅನೇಕ್ ಕನ್ನಡದಂಥ, ಅಗಲ ಮತ್ತು ದಪ್ಪವನ್ನು ವಿನ್ಯಾಸದೊಳಗೇ ಬದಲಿಸಬಹುದಾದ ಫಾಂಟ್ ಇದೆ. ನೋಟೋ ಸ್ಯಾನ್ಸ್ ಕನ್ನಡ ಸಪ್ಪೆಯಾದರೂ ಓದಲು ಹಗುರ. "ಬಲೂ ತಮ್ಮ" ಎಂಬ ಫಾಂಟ್ ಮಕ್ಕಳ ಉದ್ಯಾನಕ್ಕೆ ಹೊಂದುತ್ತದೆ, ಎಚ್ಚರಿಕೆಯ ಫಲಕಕ್ಕೆ ಹೊಂದುವುದಿಲ್ಲ. ಈ ಮೂರೂ ಮುಕ್ತ ಪರವಾನಗಿಯವು, ಆದ್ದರಿಂದ ಗ್ರಾಹಕರಿಗೆ ಕಡತದೊಂದಿಗೆ ಕೊಟ್ಟುಬಿಡಬಹುದು.

ಗಾತ್ರಕ್ಕೆ ಒಂದು ಸರಳ ಲೆಕ್ಕವಿದೆ: ನಿಂತು ಓದುವವರಿಗೆ ಪ್ರತಿ 3 ಮೀಟರ್ ದೂರಕ್ಕೆ ಸುಮಾರು 25 ಮಿ.ಮೀ. ಎತ್ತರದ ಅಕ್ಷರ. ಇದನ್ನು ಇಂಗ್ಲಿಷಿನ ದೊಡ್ಡಕ್ಷರವನ್ನು ನೋಡಿ ಹೇಳಲಾಗಿದೆ. ಕನ್ನಡದಲ್ಲಿ ಒತ್ತು, ಗುಣಿತ ಬಿಟ್ಟು "ಅ" ಅಥವಾ "ಕ" ಅಕ್ಷರದ ಮೈಯನ್ನು ಮಾತ್ರ ಅಳೆಯಬೇಕು. ತಂತ್ರಾಂಶದಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಅಂಕಿ ಕೊಟ್ಟರೆ ಎರಡೂ ಒಂದೇ ಗಾತ್ರವಾಗಿ ಕಾಣುವುದಿಲ್ಲ. ಮುದ್ರಿಸಿ ಗೋಡೆಗೆ ಅಂಟಿಸಿ ಕಣ್ಣಿನಿಂದಲೇ ಸರಿಹೊಂದಿಸಬೇಕು.

ಇನ್ನು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅನ್ವಯಿಸುವ ಅಕ್ಷರ ಸಂಕೇತ ಪದ್ಧತಿಯ ವಿಷಯ. ಇಲ್ಲಿ ನಾನೇ ಒಂದು ಪಾಠ ಕಲಿತಿದ್ದೇನೆ. ಯೂನಿಕೋಡ್‌ನಲ್ಲಿ ಸಿದ್ಧಪಡಿಸಿದ ಕಡತವನ್ನು ಹಾಗೆಯೇ ಮುದ್ರಣಾಲಯವೊಂದಕ್ಕೆ ಕಳುಹಿಸಿದ್ದೆ. ಅವರು ತಮ್ಮ ಹಳೆಯ ತಂತ್ರಾಂಶದಲ್ಲಿ ತೆರೆದು ಬೇರೆ ಫಾಂಟಿಗೆ ಬದಲಿಸಿದಾಗ ಒತ್ತಕ್ಷರಗಳೆಲ್ಲ ಕಳಚಿ "ಅರಣ್ಯ" ಎಂಬುದು "ಅರಣ್‌ಯ" ಆಗಿ, ಹನ್ನೆರಡು ಫಲಕಗಳು ಅಚ್ಚಾಗಿ ಬಂದವು. ಪ್ರೂಫ್ ನೋಡದೆ ಒಪ್ಪಿಗೆ ಕೊಟ್ಟ ತಪ್ಪು ನನ್ನದೇ ಆದ್ದರಿಂದ ಮರುಮುದ್ರಣದ ಖರ್ಚನ್ನೂ ನಾನೇ ಹೊರಬೇಕಾಯಿತು. ಅಂದಿನಿಂದ ಅಂತಿಮ ಕಡತದಲ್ಲಿ ಅಕ್ಷರಗಳನ್ನೆಲ್ಲ ರೇಖಾಕೃತಿಗಳಾಗಿ ಪರಿವರ್ತಿಸಿ ಪಿಡಿಎಫ್ ಕೊಡುತ್ತೇನೆ, ತಿದ್ದಬಹುದಾದ ಮೂಲ ಕಡತವನ್ನು ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಇನ್‌ಡಿಸೈನ್, ಇಲ್ಲಸ್ಟ್ರೇಟರ್ ಬಳಸುವವರು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳದಿದ್ದರೆ ಅವರ ಸ್ವಂತ ಕಂಪ್ಯೂಟರಿನಲ್ಲೇ ಒತ್ತಕ್ಷರ ಒಡೆಯುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ.

ಆರನೆಯ ಹೆಜ್ಜೆ: ಬಣ್ಣ ಮತ್ತು ನಕ್ಷೆ

ಕಾಡೆಂದರೆ ಹಸಿರು ಎಂದುಕೊಂಡು ಫಲಕಕ್ಕೂ ಹಸಿರು ಬಳಿಯುವುದು ವಾಡಿಕೆ. ಜೂನ್ ತಿಂಗಳಲ್ಲಿ ಎಲ್ಲವೂ ಹಸಿರಾಗಿರುವ ಜಾಗದಲ್ಲಿ ಆ ಫಲಕ ಕರಗಿಹೋಗುತ್ತದೆ. ಗಾಢ ಕಂದು ಅಥವಾ ಕಪ್ಪಿಗೆ ಹತ್ತಿರದ ಬೂದು ನೆಲದ ಮೇಲೆ ಕೆನೆಬಣ್ಣದ ಅಕ್ಷರ ಮಂಜಿನಲ್ಲೂ ಕಾಣುತ್ತದೆ, ಕಾಡಿಗೂ ಹೊಂದುತ್ತದೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸದ ಮೇಲೇ ಅರ್ಥ ನಿಂತಿರಬಾರದು, ಆ ಎರಡನ್ನು ಬೇರ್ಪಡಿಸಿ ನೋಡಲಾಗದವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆಂದು ತಿಳಿದುಕೊಳ್ಳಿ. ಸುಲಭದ ಹಾದಿಗೆ ಒಂದು ಗೆರೆ, ಕಷ್ಟದ್ದಕ್ಕೆ ಮೂರು ಗೆರೆ ಎಂದು ಆಕಾರದಲ್ಲೂ ವ್ಯತ್ಯಾಸ ಇಡಿ. ರಸ್ತೆಯ ಪಕ್ಕದ ಫಲಕಗಳಲ್ಲಿ ತ್ರಿಕೋನ ಎಚ್ಚರಿಕೆಗೆ, ವೃತ್ತ ಆಜ್ಞೆಗೆ, ಆಯತ ಮಾಹಿತಿಗೆ ಎಂಬ ದೇಶದ ಸಂಚಾರ ನಿಯಮದ ರೂಢಿಯನ್ನು ಮುರಿಯಬಾರದು.

ಸ್ಥಳದಲ್ಲಿ ನಿಲ್ಲಿಸುವ ನಕ್ಷೆಯ ಮೇಲ್ತುದಿ ಉತ್ತರವಾಗಿರಬೇಕೆಂಬ ಕಡ್ಡಾಯವಿಲ್ಲ. ನೋಡುವವರು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಾರೋ ಆ ದಿಕ್ಕು ಮೇಲಿರಬೇಕು. ಎಡಗಡೆಯ ಬೆಟ್ಟ ನಕ್ಷೆಯಲ್ಲೂ ಎಡಗಡೆ ಬಂದರೆ ಯಾರೂ ತಲೆ ತಿರುಗಿಸಬೇಕಾಗಿಲ್ಲ. ಇದರ ಅರ್ಥ ಎರಡು ಕಡೆ ನಿಲ್ಲಿಸುವ ನಕ್ಷೆಗಳು ಎರಡು ಬೇರೆ ಕಡತಗಳಾಗುತ್ತವೆ ಎಂಬುದು. ಅದನ್ನು ದರ ಹೇಳುವಾಗಲೇ ಸೇರಿಸಿಕೊಳ್ಳಿ. ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದರ ಜೊತೆಗೆ ನಡೆಯುವ ಸಮಯವನ್ನೂ ಹಾಕಬೇಕು, ಅದೂ ಹೋಗಲು ಎಷ್ಟು, ಬರಲು ಎಷ್ಟು ಎಂದು ಬೇರೆಬೇರೆಯಾಗಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ರೂಪಿಸಿದ ಮುಕ್ತ ನಕ್ಷೆಯಿಂದ ಹಾದಿಯ ಮಾಹಿತಿ ತೆಗೆದುಕೊಂಡರೆ ಅದರ ಕೊಡುಗೆದಾರರಿಗೆ ಕೃತಜ್ಞತೆಯ ಸಾಲನ್ನು ನಕ್ಷೆಯ ಮೇಲೆ ಹಾಕುವುದು ಪರವಾನಗಿಯ ಷರತ್ತು. 2018ರ ಆಗಸ್ಟ್‌ನ ಭೂಕುಸಿತದ ಬಳಿಕ ಮಡಿಕೇರಿಯ ಸುತ್ತ ಎಷ್ಟೋ ಇಳಿಜಾರುಗಳ ರೂಪವೇ ಬದಲಾಗಿರುವುದರಿಂದ ಹಳೆಯ ನಕ್ಷೆಯನ್ನು ನಂಬದೆ, ಜಿಪಿಎಸ್ ಹಿಡಿದು ನೀವೇ ನಡೆದು ಗೆರೆ ಎಳೆಯುವುದು ಸುರಕ್ಷಿತ.

ಏಳನೆಯ ಹೆಜ್ಜೆ: ಯಾವುದರ ಮೇಲೆ, ಹೇಗೆ ನಿಲ್ಲಿಸುವುದು

ಫ್ಲೆಕ್ಸ್ ಬೇಡ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಕಾಡಿನಲ್ಲಿ ಹರಿದು ಚಿಂದಿಯಾದ ಫ್ಲೆಕ್ಸ್‌ನ ಮೇಲೆ "ಪ್ಲಾಸ್ಟಿಕ್ ಬಿಸಾಡಬೇಡಿ" ಎಂದಿರುವುದನ್ನು ಓದಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಟಿಸಿದ ವಿನೈಲ್ ಹಾಳೆ ಒಂದು ಮಳೆಗಾಲದಲ್ಲೇ ಅಂಚಿನಿಂದ ಸುರುಳಿಯಾಗುತ್ತದೆ. ಮರದ ಹಲಗೆ ನೋಡಲು ಚೆಂದ, ಆದರೆ ಗೆದ್ದಲು ಮತ್ತು ತೇವ ಎರಡನ್ನೂ ತಡೆದುಕೊಳ್ಳುವ ಜಾತಿಯ ಮರ ದುಬಾರಿ. ದಪ್ಪನೆಯ ಅಲ್ಯೂಮಿನಿಯಂ ಹಾಳೆಯ ಮೇಲೆ ನೇರ ಮುದ್ರಣ ಮಾಡಿಸಿ, ಮೇಲೊಂದು ಹೊಳಪಿಲ್ಲದ ರಕ್ಷಣಾ ಪದರ ಹಾಕಿಸುವುದು ಇಲ್ಲಿಯ ಹವೆಗೆ ಹೊಂದುವ ಮಧ್ಯಮ ದಾರಿ. ಹೊಳಪಿನ ಪದರ ಹಾಕಿದರೆ ಒದ್ದೆಯಾದಾಗ ಆಕಾಶವೇ ಅದರಲ್ಲಿ ಪ್ರತಿಫಲಿಸಿ ಅಕ್ಷರ ಕಾಣುವುದಿಲ್ಲ. ಬದಲಾಗದ ಒಂದೇ ಮಾತು, ಉದಾಹರಣೆಗೆ ದೇವರಕಾಡಿನ ಹೆಸರು, ಹೇಳುವುದಿದ್ದರೆ ಕಲ್ಲಿನಲ್ಲಿ ಕೆತ್ತಿಸಿಬಿಡಿ.

ವಿವರಣಾ ಫಲಕವನ್ನು ನೆಟ್ಟಗೆ ನಿಲ್ಲಿಸುವುದಕ್ಕಿಂತ ಸೊಂಟದ ಎತ್ತರದಲ್ಲಿ, 45 ಡಿಗ್ರಿ ಓರೆಯಾಗಿ ಇಟ್ಟರೆ ಹಿಂದಿನ ನೋಟ ಮುಚ್ಚುವುದಿಲ್ಲ, ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಕಾಣುತ್ತದೆ. ತೀರ ಮಟ್ಟಸವಾದರೆ ಎಲೆ, ನೀರು ನಿಂತು ಪಾಚಿ ಕಟ್ಟುತ್ತದೆ. ಕಂಬಕ್ಕೆ ಕಲಾಯಿ ಮಾಡಿದ ಕಬ್ಬಿಣದ ಕೊಳವೆ ಬಳಸಿ, ಅದರ ಮೇಲ್ತುದಿಯನ್ನು ಮುಚ್ಚಿಸಿ. ಮುಚ್ಚದೆ ಬಿಟ್ಟ ಕೊಳವೆಯಲ್ಲಿ ಕಣಜ ಗೂಡು ಕಟ್ಟುತ್ತದೆ, ಆಮೇಲೆ ಆ ಫಲಕದ ಹತ್ತಿರ ಓದುಗರು ಸುಳಿಯುವುದಿಲ್ಲ. ಮರಕ್ಕೆ ಮೊಳೆ ಹೊಡೆಯಲೇಬಾರದು. ಹೊಸದಾಗಿ ಕಡಿದ ಗುಡ್ಡದ ಅಂಚಿನಲ್ಲಿ ಗುಂಡಿ ತೋಡಬಾರದು. ಆನೆ ಹಾಯುವ ದಾರಿಯಲ್ಲಿ ನಿಲ್ಲಿಸಿದ ಕಂಬ ಮೈಯುಜ್ಜಲು ಸಿಕ್ಕ ಮರವೆಂದೇ ಆನೆಗೆ ತೋರುತ್ತದೆ, ಹಾಗಾಗಿ ಆ ದಾರಿ ಯಾವುದೆಂದು ವೀಕ್ಷಕರನ್ನು ಕೇಳಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಸಿ. ಮುದ್ರಿತ ಹಾಳೆಯನ್ನು ಚೌಕಟ್ಟಿನಿಂದ ಬಿಚ್ಚಿ ಬದಲಿಸುವಂತಿರಬೇಕು, ಬೋಲ್ಟ್ ಮಾತ್ರ ಸಾಮಾನ್ಯ ಸ್ಪ್ಯಾನರಿಗೆ ಬಗ್ಗದಂಥದ್ದಾಗಿರಲಿ.

ಎಂಟನೆಯ ಹೆಜ್ಜೆ: ಕರಪತ್ರ ಮತ್ತು ಮೊಬೈಲ್

ಒಂದೊಂದು ಸ್ಥಳಕ್ಕೂ ಬೇರೆ ಬೇರೆ ಶೈಲಿಯ ಕರಪತ್ರ ಮಾಡುವ ಬದಲು ಒಂದೇ ಚೌಕಟ್ಟು ರೂಪಿಸಿ ಅದನ್ನೇ ಎಲ್ಲದಕ್ಕೂ ಬಳಸಿದರೆ ಹಣವೂ ಉಳಿಯುತ್ತದೆ, ಗುರುತೂ ನಿಲ್ಲುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ ಮಾಸಿಮೊ ವಿನ್ಯೆಲ್ಲಿ 1977ರಲ್ಲಿ ರೂಪಿಸಿದ ಯೂನಿಗ್ರಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲ್ಭಾಗದಲ್ಲಿ ಕಪ್ಪು ಪಟ್ಟಿ, ಅದರಲ್ಲಿ ಬಿಳಿ ಅಕ್ಷರದಲ್ಲಿ ಉದ್ಯಾನದ ಹೆಸರು, ಕೆಳಗೆ ನಿಗದಿತ ಅಳತೆಯ ಮನೆಗಳಲ್ಲಿ ನಕ್ಷೆ, ಚಿತ್ರ, ಬರಹ, ಇಷ್ಟೇ. ನೂರಾರು ಉದ್ಯಾನಗಳ ಕರಪತ್ರಗಳು ಒಂದೇ ಮನೆತನದವೆಂದು ಇಂದಿಗೂ ಗುರುತು ಸಿಗುತ್ತವೆ. ಒಂದು ಪಂಚಾಯಿತಿಯ ಮೂರು ತಾಣಗಳಿಗೂ ಇದೇ ತತ್ವ ಸಾಕು. ಎ4 ಹಾಳೆಯನ್ನು ಮೂರು ಮಡಿಕೆ ಮಾಡಿ, ಒಂದು ಮುಖವನ್ನು ಪೂರ್ತಿ ನಕ್ಷೆಗೆ ಬಿಡಿ. ವಾಟ್ಸಾಪ್‌ಗೆ ಅದನ್ನೇ ಚಿಕ್ಕದು ಮಾಡಿ ಕಳುಹಿಸಬೇಡಿ, ಫೋನಿನ ನೀಳ ಪರದೆಗೆ ಒಂದು ಚಿತ್ರಕ್ಕೆ ಒಂದೇ ವಿಷಯವಿರುವಂತೆ ಬೇರೆಯಾಗಿ ಮಾಡಿ, ದಿನಾಂಕ ಹಾಕಿ. ದಿನಾಂಕವಿಲ್ಲದ "ಇಂದು ಹಾದಿ ಮುಚ್ಚಿದೆ" ಎಂಬ ಚಿತ್ರ ಮುಂದಿನ ವರ್ಷವೂ ಗುಂಪುಗಳಲ್ಲಿ ತಿರುಗುತ್ತಿರುತ್ತದೆ.

ಒಂಬತ್ತನೆಯ ಹೆಜ್ಜೆ: ಕಾಗದದ ಫಲಕ ನಿಲ್ಲಿಸಿ ನೋಡುವುದು

ಅಂತಿಮ ಮುದ್ರಣಕ್ಕೆ ಮೊದಲು ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ರಟ್ಟಿಗೆ ಅಂಟಿಸಿ, ಒಂದು ಭಾನುವಾರ ಅದೇ ಜಾಗದಲ್ಲಿ ನಿಲ್ಲಿಸಿ ದೂರ ಕುಳಿತು ನೋಡಿ. ಎಷ್ಟು ಜನ ನಿಲ್ಲುತ್ತಾರೆ, ಎಷ್ಟು ಹೊತ್ತು, ಓದಿದ ಮೇಲೆ ಯಾವ ಕಡೆ ಹೋಗುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಹತ್ತು ಜನರನ್ನು ನಿಲ್ಲಿಸಿ, ಫಲಕದಲ್ಲಿ ಏನಿತ್ತು ಎಂದಷ್ಟೇ ಕೇಳಿ. "ಚೆನ್ನಾಗಿದೆಯಾ" ಎಂದು ಕೇಳಿದರೆ ಕೊಡಗಿಗೆ ಬಂದ ಅತಿಥಿಗಳು ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಒಮ್ಮೆ ನನ್ನ ಬಾಣದ ಗುರುತನ್ನು ನೋಡಿದ ಆರು ಜನ ನಾನು ಹೋಗಬಾರದೆಂದು ಸೂಚಿಸಿದ ಹಾದಿಯಲ್ಲೇ ಹೋದರು. ಬಾಣದ ಮೇಲೆ ಎಳೆದಿದ್ದ ಅಡ್ಡಗೆರೆ ತೆಳುವಾಗಿ, ಎಲೆಯ ನೆರಳಿನಲ್ಲಿ ಕಾಣದಾಗಿತ್ತು.

ಹತ್ತನೆಯ ಹೆಜ್ಜೆ: ಒಪ್ಪಂದ, ಹಸ್ತಾಂತರ, ನಿರ್ವಹಣೆ

ಸರ್ಕಾರಿ ಕೆಲಸವಾದರೆ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಟೆಂಡರ್ ನಿಯಮಗಳು ಅನ್ವಯಿಸುತ್ತವೆ, ಹಣ ಬರುವುದೂ ತಡವಾಗುತ್ತದೆ. ಆದ್ದರಿಂದ ಸ್ಥಳ ಭೇಟಿ, ಬರಹ, ವಿನ್ಯಾಸ, ಮುದ್ರಣದ ಮೇಲ್ವಿಚಾರಣೆ ಇವುಗಳ ದರವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ವಿನ್ಯಾಸ ಸೇವೆಗೆ ಶೇ. 18 ಜಿಎಸ್‌ಟಿ ಇದೆ, ನೋಂದಣಿ ಹೊಂದಿರುವವರು ದರ ಅದನ್ನು ಸೇರಿಸಿಯೋ ಬಿಟ್ಟೋ ಎಂದು ಸ್ಪಷ್ಟಪಡಿಸಬೇಕು. ತಿದ್ದುಪಡಿ ಎಷ್ಟು ಸಲ, ಯಾರೊಬ್ಬರ ಒಪ್ಪಿಗೆ ಅಂತಿಮ, ಚಿತ್ರಗಳ ಹಕ್ಕು ಯಾರದು ಎಂಬುದು ಬರಹದಲ್ಲಿರಲಿ. ಛಾಯಾಗ್ರಾಹಕರು ಪ್ರೀತಿಯಿಂದ ಉಚಿತವಾಗಿ ಕೊಟ್ಟ ಚಿತ್ರಕ್ಕೂ ಒಂದು ಅನುಮತಿ ಪತ್ರ ಬೇಕು, ಅವರ ಹೆಸರು ಫಲಕದಲ್ಲಿ ಬರಬೇಕು.

ಕೆಲಸ ಮುಗಿದ ಮೇಲೆ ಗ್ರಾಹಕರಿಗೆ ಒಂದು ಪೆನ್‌ಡ್ರೈವ್ ಜೊತೆಗೆ ಒಂದು ಕಾಗದದ ಕಡತವನ್ನೂ ಕೊಡಿ. ಅಧಿಕಾರಿಗಳು ವರ್ಗವಾಗುತ್ತಾರೆ, ಪೆನ್‌ಡ್ರೈವ್ ಕಳೆದುಹೋಗುತ್ತದೆ, ಕಡತ ಮಾತ್ರ ಬೀರುವಿನಲ್ಲಿ ಉಳಿಯುತ್ತದೆ. ಅದರಲ್ಲಿ ಪ್ರತಿ ಫಲಕದ ಕ್ರಮಸಂಖ್ಯೆ, ಜಿಪಿಎಸ್ ಗುರುತು, ನಿಲ್ಲಿಸಿದ ದಿನದ ಚಿತ್ರ, ಬಳಸಿದ ಬಣ್ಣದ ಸಂಖ್ಯೆ, ಫಾಂಟ್‌ನ ಹೆಸರು, ಮುದ್ರಿಸಿದ ಹಾಳೆಯ ದಪ್ಪ ಇರಲಿ. ಮಳೆಗಾಲ ಮುಗಿದು ತುಲಾ ಸಂಕ್ರಮಣದ ಜನ ಬರುವ ಮುನ್ನ, ಅಂದರೆ ಅಕ್ಟೋಬರ್ ಮೊದಲ ವಾರದಲ್ಲಿ, ಮೆತ್ತನೆಯ ಬಟ್ಟೆ, ಬಕೆಟ್ ನೀರು, ಸ್ವಲ್ಪ ಸಾಬೂನು ಹಿಡಿದು ಒಬ್ಬರು ಹಾದಿಯುದ್ದಕ್ಕೂ ನಡೆದು ಪಾಚಿ ಒರೆಸಬೇಕು, ಸಡಿಲವಾದ ಬೋಲ್ಟ್ ಬಿಗಿಯಬೇಕು, ಪ್ರತಿ ಫಲಕದ ಚಿತ್ರವನ್ನು ಅದೇ ಕೋನದಿಂದ ತೆಗೆದು ಕಡತಕ್ಕೆ ಸೇರಿಸಬೇಕು. ಆ ಒಬ್ಬರು ಯಾರು, ಅವರ ದಿನಗೂಲಿ ಯಾವ ಲೆಕ್ಕದಿಂದ ಎಂಬುದನ್ನು ಫಲಕ ನಿಲ್ಲಿಸುವ ದಿನವೇ ಕಡತದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ.